ಮೋಟರ್ ಉಲ್ಟಾ ತಿರುಗಿದರೆ

ಬೆಂಗಳೂರು ಬಳಿಯ ಸರ್ಜಾಪುರದ ತೋಟಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ ನಂಬಿದವರಿಗೆ ಈ ತೊಂದರೆ ಗೊತ್ತಿರುತ್ತದೆ. ಲೈನ್ ಕೆಲಸ ಮುಗಿದು ಕರೆಂಟ್ ಬಂತು, ಸ್ಟಾರ್ಟರ್ ಒತ್ತಿದರೆ ಮೋಟರೂ ಓಡುತ್ತಿದೆ, ಮೀಟರ್ ಮುಳ್ಳೂ ಏಳುತ್ತದೆ. ಆದರೆ ಪೈಪಿನಲ್ಲಿ ನೀರಿಲ್ಲ, ಬಂದರೂ ಕಿರುಬೆರಳಿನಷ್ಟು. ಬೋರ್ ಬತ್ತಿತೆಂದು ಮನೆಯವರು ಕಂಗಾಲಾಗಿರುವಾಗ ಅನುಭವಿ ಎಲೆಕ್ಟ್ರಿಷಿಯನ್ ಒಂದೇ ಮಾತು ಕೇಳುತ್ತಾರೆ: 'ಕಂಬದ ಮೇಲೆ ಯಾರಾದ್ರೂ ಕೆಲ್ಸ ಮಾಡಿದ್ರಾ?' ಮೇನ್ ಆಫ್ ಮಾಡಿ, ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುತ್ತಾರೆ. ಮತ್ತೆ ಸ್ಟಾರ್ಟರ್ ಒತ್ತಿದರೆ ಪೈಪು ತುಂಬಾ ನೀರು.

ತ್ರೀ ಫೇಸ್ ಮೋಟರಿಗೆ ಸ್ವಂತ ದಿಕ್ಕೆಂಬುದೇ ಇಲ್ಲ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕೆಂಪು, ಹಳದಿ, ನೀಲಿ ಫೇಸುಗಳು ಒಟ್ಟಿಗೆ ಏರುವುದಿಲ್ಲ, ಒಂದರ ಹಿಂದೆ ಒಂದು ಸುಮಾರು 6.7 ಮಿಲಿಸೆಕೆಂಡ್ ತಡವಾಗಿ ಏರುತ್ತವೆ. ಮೋಟರಿನೊಳಗೆ ಸುತ್ತಲೂ ಕೂರಿಸಿದ ಮೂರು ವೈಂಡಿಂಗ್‌ಗಳು ಅದೇ ಸರದಿಯಲ್ಲಿ ಅಯಸ್ಕಾಂತವಾಗುವುದರಿಂದ ಕಾಂತಕ್ಷೇತ್ರವೇ ಗರಗರ ಸುತ್ತುತ್ತದೆ. ಎರಡು ಧ್ರುವದ ಮೋಟರಿನಲ್ಲಿ ಅದರ ವೇಗ ನಿಮಿಷಕ್ಕೆ 3,000 ಸುತ್ತು. ಒಳಗಿನ ತಿರುಗುವ ಭಾಗವಾದ ರೋಟರ್ ಅದರ ಬೆನ್ನು ಹತ್ತಿ, ತುಸು ಹಿಂದುಳಿದು, 2,880ರ ಆಸುಪಾಸಿನಲ್ಲಿ ಓಡುತ್ತದೆ. ಇಂಥ ಸುತ್ತುವ ಕ್ಷೇತ್ರದ ಮೋಟರಿಗೆ ನಿಕೋಲ ಟೆಸ್ಲಾ ಪೇಟೆಂಟ್ ಪಡೆದದ್ದು 1888ರಲ್ಲಿ.

ರಾಮ, ರಹೀಮ, ರಾಬರ್ಟ್ ದುಂಡಗೆ ಕೂತು ಇದೇ ಸರದಿಯಲ್ಲಿ ಎಲೆಅಡಿಕೆ ತಟ್ಟೆ ದಾಟಿಸುತ್ತಿದ್ದಾರೆ ಎನ್ನಿ. ಇಬ್ಬರು ಜಾಗ ಬದಲಿಸಿಕೊಂಡರೆ ಸರದಿ ಅದೇ, ಆದರೆ ತಟ್ಟೆ ಎದುರು ದಿಕ್ಕಿಗೆ ಸುತ್ತುತ್ತದೆ. ಮೂವರೂ ಒಂದೊಂದು ಜಾಗ ಸರಿದು ಕೂತರೆ ದಿಕ್ಕು ಬದಲಾಗದು. ವೈರುಗಳ ಲೆಕ್ಕವೂ ಇದೇ. ಮೂರನ್ನು ಆರು ರೀತಿ ಜೋಡಿಸಬಹುದು. ಮೂರು ರೀತಿಯಲ್ಲಿ ಬಲಕ್ಕೆ, ಮೂರರಲ್ಲಿ ಎಡಕ್ಕೆ. ಕಂಬದ ಮೇಲೆ ಎರಡು ತಂತಿ ಜಾಗ ಬದಲಿಸಿದರೆ ಆ ಲೈನಿನ ಅಷ್ಟೂ ತ್ರೀ ಫೇಸ್ ಮೋಟರುಗಳು ಉಲ್ಟಾ ಆಗುವುದು ಇದರಿಂದಲೇ.

ಉಲ್ಟಾ ತಿರುಗಿದ ಪಂಪು ನೀರನ್ನು ಕೆಳಕ್ಕೆ ಎಳೆಯುತ್ತದೆಂದು ಹಲವರು ನಂಬಿದ್ದಾರೆ. ಹಾಗಲ್ಲ. ಪಂಪಿನೊಳಗಿನ ಚಕ್ರವಾದ ಇಂಪೆಲ್ಲರ್ ಯಾವ ಕಡೆ ಸುತ್ತಿದರೂ ನೀರನ್ನು ಅಂಚಿಗೇ ಎಸೆಯುತ್ತದೆ, ನೀರು ಮೇಲಕ್ಕೇ ಹೊರಡುತ್ತದೆ. ಆದರೆ ಇಂಪೆಲ್ಲರಿನ ಎಲೆಗಳ ಬಾಗು ಒಂದೇ ದಿಕ್ಕಿಗೆ ಹೊಂದುವಂಥದ್ದು. ತಿರುಗುಮುರುಗಾದರೆ ಒತ್ತಡ ಕುಸಿಯುತ್ತದೆ. ಸಾವಿರ ಅಡಿ ಬೋರಿನಲ್ಲಿ ನೀರು ನಡುದಾರಿಯಲ್ಲೇ ನಿಂತುಬಿಡಬಹುದು. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದು ಮೈಸುತ್ತ ಹರಿಯುವ ನೀರಿನಿಂದ. ಹರಿವು ನಿಂತರೆ ಕಾದು ವೈಂಡಿಂಗ್ ಸುಡುತ್ತದೆ. ನೆಲದೊಳಗಿನ ಶಾಫ್ಟ್ ಕಣ್ಣಿಗೆ ಕಾಣದ ಕಾರಣ ಎರಡೂ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಹೆಚ್ಚು ನೀರು ಬಂದದ್ದೇ ಸರಿ ಎಂದು ತೀರ್ಮಾನಿಸುತ್ತಾರೆ.

ಮನೆಯ ಸೀಲಿಂಗ್ ಫ್ಯಾನಿಗೆ ಬರುವುದು ಒಂದೇ ಫೇಸ್. ಅದರ ಕಾಂತಕ್ಷೇತ್ರ ಸುತ್ತುವುದಿಲ್ಲ, ಹಿಂದಕ್ಕೆ ಮುಂದಕ್ಕೆ ತೂಗುತ್ತದೆ ಅಷ್ಟೆ. ಎರಡನೇ ವೈಂಡಿಂಗಿನ ಕರೆಂಟಿನ ಸಮಯವನ್ನು ಸರಿಸಿ ದಿಕ್ಕು ಕೊಡುವುದು ಕೆಪಾಸಿಟರ್. ಅದು ಹೋದರೆ ಫ್ಯಾನ್ ಗುಂಯ್‌ಗುಡುತ್ತ ನಿಲ್ಲುತ್ತದೆ, ಕೋಲಿನಿಂದ ಯಾವ ಕಡೆ ತಳ್ಳಿದರೆ ಆ ಕಡೆಗೇ ಹೊರಡುತ್ತದೆ.

ಎಂಜಿನ್ನಿನ ಸಂಗತಿ ಬೇರೆ. ಒಳಕ್ಕೆ ಗಾಳಿ, ಒತ್ತುವುದು, ಉರಿ, ಹೊರಕ್ಕೆ ಹೊಗೆ ಎಂಬ ನಾಲ್ಕು ಹೆಜ್ಜೆಯ ಕ್ರಮ ಕವಾಟ ತೆರೆಯುವ ಕ್ಯಾಮ್‌ಶಾಫ್ಟಿನ ಉಬ್ಬುಗಳಲ್ಲೇ ಕೊರೆದಿರುತ್ತದೆ. ಹೆಚ್ಚಿನ ಕಾರುಗಳ ಎಂಜಿನ್, ಬೆಲ್ಟ್ ಇರುವ ಮುಂಬದಿಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಡೀಸೆಲ್ ಎಂಜಿನ್ ಅಪರೂಪಕ್ಕೆ ಉಲ್ಟಾ ಹೊಡೆದುಕೊಂಡರೆ ಸೈಲೆನ್ಸರಿನಿಂದ ಗಾಳಿ ಎಳೆದು ಏರ್ ಫಿಲ್ಟರಿನಿಂದ ಹೊಗೆ ಉಗುಳುತ್ತದೆ. ಆಯಿಲ್ ಪಂಪೂ ಉಲ್ಟಾ ಆಗಿ ಬೇರಿಂಗುಗಳು ಒಣಗುತ್ತವೆ. ಅದಕ್ಕೇ ಕಾರಿಗೆ ರಿವರ್ಸ್ ಗೇರ್ ಬೇಕು. ದೊಡ್ಡ ಹಡಗುಗಳ ನಿಧಾನಗತಿಯ ಟೂ ಸ್ಟ್ರೋಕ್ ಡೀಸೆಲ್ ಇದಕ್ಕೆ ಹೊರತು. ಹಡಗು ಹಿಂದೆ ಸರಿಯಬೇಕಾದರೆ ಎಂಜಿನ್ನನ್ನೇ ನಿಲ್ಲಿಸಿ, ಇಂಧನದ ಟೈಮಿಂಗ್ ಬದಲಿಸಿ, ಒತ್ತಿಟ್ಟ ಗಾಳಿಯಿಂದ ಎದುರು ದಿಕ್ಕಿಗೆ ಸ್ಟಾರ್ಟ್ ಮಾಡುತ್ತಾರೆ.

ಸರ್ಜಾಪುರದಿಂದ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ ತಯಾರಾಗುವ ಏಥರ್ ಎಲೆಕ್ಟ್ರಿಕ್ ಸ್ಕೂಟರ್ ರಿವರ್ಸ್ ಗೇರ್ ಇಲ್ಲದೆಯೇ ಹಿಂದಕ್ಕೆ ಸರಿಯುತ್ತದೆ. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸವನ್ನು ಅಲ್ಲಿ ಕಂಟ್ರೋಲರ್ ಮಾಡುತ್ತದೆ: ಮೂರು ಫೇಸುಗಳ ಸರದಿ ತಿರುಗಿಸುತ್ತದೆ.

ಕಾರಿನ ಎಂಜಿನ್ನಿನ ದಿಕ್ಕು ಕಾರ್ಖಾನೆಯಲ್ಲೇ ತೀರ್ಮಾನ. ಮೋಟರಿನ ದಿಕ್ಕು ಕೊನೆಯದಾಗಿ ವೈರು ಮುಟ್ಟಿದವರ ಕೈಯಲ್ಲಿದೆ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಬದಲಾದಾಗ, ಕೇಬಲ್ ಜೋಡಿಸಿದಾಗ, ಮೋಟರ್ ರಿವೈಂಡ್ ಆಗಿ ಬಂದಾಗ ದಿಕ್ಕು ನೋಡಲೇಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ ಜನರೇಟರಿನ ಸರದಿಯೂ ಲೈನಿನ ಸರದಿಯೂ ಒಂದೇ ಇರಬೇಕು; ಇಲ್ಲದಿದ್ದರೆ ಕರೆಂಟ್ ಹೋಗಿ ಜನರೇಟರ್ ಶುರುವಾದಾಗಲೆಲ್ಲ ಪಂಪುಗಳು ಉಲ್ಟಾ ಓಡುತ್ತವೆ. ಲಿಫ್ಟ್ ಪ್ಯಾನೆಲ್‌ಗಳಲ್ಲಿ ಸರದಿ ತಪ್ಪಿದರೆ ಕರೆಂಟ್ ಕಡಿಯುವ ರಿಲೇ ಇರುತ್ತದೆ. ಬೋರ್‌ವೆಲ್ ಸ್ಟಾರ್ಟರಿಗೂ ಅಂಥದ್ದೊಂದು ಹಾಕಿಸಿ. ಮೋಟರ್ ಮೇಲೆತ್ತಿಸಿ ರಿವೈಂಡ್ ಮಾಡಿಸುವ ಖರ್ಚಿನ ಮುಂದೆ ಆ ರಿಲೇಯ ಬೆಲೆ ಏನೂ ಅಲ್ಲ.