ಮನೆಯ ಗಣಕದ ಆಡಳಿತ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ವಾಡಿಕೆಯ ಬೆಂಬಲವನ್ನು ಮುಕ್ತಾಯಗೊಳಿಸಿದಾಗ, ಪರದೆ, ಕೀಲಿಮಣೆ, ಸಂಸ್ಕಾರಕಗಳೆಲ್ಲ ಸುಸ್ಥಿತಿಯಲ್ಲಿದ್ದ ಅಸಂಖ್ಯ ಗಣಕಗಳು ಒಂದೇ ದಿನದಲ್ಲಿ ನಿವೃತ್ತರ ಪಟ್ಟಿಗೆ ಸೇರಿದವು. ಇಚ್ಛಿಸಿದವರಿಗೆ ಒಂದು ವರ್ಷದ ಹೆಚ್ಚುವರಿ ಅವಧಿಯನ್ನು ದಯಪಾಲಿಸಿದುದುಂಟು. ಆದರೆ ವಿಂಡೋಸ್ 11ಕ್ಕೆ ಏರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಆದಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದರ ಈಚಿನ ಸಂಸ್ಕಾರಕವೂ ಇರತಕ್ಕದ್ದೆಂಬ ನಿಯಮವಿರುವುದರಿಂದ, 2016ರಲ್ಲಿ ಮಕ್ಕಳ ಓದಿಗೆಂದು ಸಾಲಮಾಡಿ ಕೊಂಡ ಲ್ಯಾಪ್‌ಟಾಪು, ಇಂದಿಗೂ ಪತ್ರ ಬರೆಯಲು, ಚಲನಚಿತ್ರ ನೋಡಲು, ಬ್ಯಾಂಕಿನ ವ್ಯವಹಾರ ಮಾಡಲು ಸರ್ವಥಾ ಸಮರ್ಥವಾಗಿದ್ದರೂ, ಹೊಸ ಆವೃತ್ತಿಗೆ ಅನರ್ಹವೆನಿಸಿತು. ಹಣ ಕೊಟ್ಟು ಕೊಂಡ ವಸ್ತುವಿನ ಆಯುಷ್ಯವನ್ನು ಕೊಂಡವನಲ್ಲದೆ ಬೇರೊಬ್ಬರು ನಿರ್ಣಯಿಸುವ ಈ ಸಂದರ್ಭದಲ್ಲಿಯೇ, ಮುಕ್ತ ತಂತ್ರಾಂಶವೆಂಬ ಇನ್ನೊಂದು ದಾರಿಯ ವಿಚಾರ ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಪ್ರಸ್ತಾಪಕ್ಕೆ ಬಂದಿತು.

ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ಕಾರ್ಯಕ್ರಮಗಳಿಗೂ ನಡುವೆ ನಿಂತು ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವಾಗ ಸರದಿ ಎಂಬುದನ್ನೆಲ್ಲ ನಿಯಮಿಸುವ ಆಡಳಿತಗಾರನೇ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ ವ್ಯವಸ್ಥೆಯ ಆಂತರಿಕ ರಚನೆ ಅದರ ಒಡೆಯರ ಸ್ವತ್ತು. ನಮಗೆ ದೊರೆಯುವುದು ಬಳಸುವ ಪರವಾನಗಿ ಮಾತ್ರ, ಅದೂ ಯಂತ್ರದೊಡನೆಯೇ ಬಂದುದಾದರೆ ಸಾಮಾನ್ಯವಾಗಿ ಆ ಯಂತ್ರಕ್ಕೇ ಕಟ್ಟುಬಿದ್ದುದು. ಆ್ಯಪಲ್ ಸಂಸ್ಥೆಯ ಮ್ಯಾಕ್ ವ್ಯವಸ್ಥೆಯ ತಳಪಾಯದ ಒಂದು ಭಾಗ ಮುಕ್ತವಾದುದೇ ಆದರೂ, ಅದನ್ನು ಅವರ ಯಂತ್ರಗಳಲ್ಲಿ ಮಾತ್ರ ಬಳಸತಕ್ಕದ್ದೆಂಬ ಷರತ್ತಿರುವುದರಿಂದ ಹಳೆಯ ಲ್ಯಾಪ್‌ಟಾಪಿನ ಪ್ರಶ್ನೆಗೆ ಅದು ಉತ್ತರವಾಗಲಾರದು.

ಮುಕ್ತ ಪಂಥದ ಹುಟ್ಟಿಗೆ ನಿಮಿತ್ತವಾದುದು ಒಂದು ಪ್ರಿಂಟರ್ ಎಂಬುದು ಸ್ವಾರಸ್ಯಕರವಾದ ಸಂಗತಿ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಅಲ್ಲಿಗೆ ಬಂದ ಹೊಸ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ಬಯಸಿದರು. ಹಿಂದಿನ ಪ್ರಿಂಟರಿಗೆ ಹಾಗೆಯೇ ಮಾಡಿದ್ದರು. ಆದರೆ ಹೊಸದರ ಆಕರ ಸಂಕೇತವನ್ನು ಅವರಿಗೆ ಯಾರೂ ಕೊಡಲಿಲ್ಲ. ಆ ಅಸಮಾಧಾನ ಬೆಳೆದು, 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು: ಯಾರು ಬೇಕಾದರೂ ಬಳಸಬಹುದಾದ, ಪರಿಶೀಲಿಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಮಗ್ರ ವ್ಯವಸ್ಥೆಯನ್ನು ಕಟ್ಟಬೇಕೆಂಬುದೇ ಅದರ ಸಂಕಲ್ಪ. ಆ ಕಟ್ಟಡಕ್ಕೆ ಬೇಕಾಗಿದ್ದ, ಲಿನಕ್ಸ್ ಎಂಬ ತಿರುಳನ್ನು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದುದೂ, ಅವೆರಡರ ಸಂಗಮದಿಂದ ಡೆಬಿಯನ್, ಉಬುಂಟು, ಮಿಂಟ್ ಮೊದಲಾದ ನಾನಾ ರೂಪಗಳು ಹೊರಟುದೂ ಮುಂದಿನ ಕಥೆ.

ನಿತ್ಯದ ಬಳಕೆಯಲ್ಲಿ ಈ ಮುಕ್ತ ವ್ಯವಸ್ಥೆಯ ಅನುಭವವೆಂತು? ಜಾಲ ನೋಡುವುದು, ಪತ್ರ ಬರೆಯುವುದು, ಹಾಡು ಕೇಳುವುದು, ಮಕ್ಕಳ ಪಾಠ ಇವಷ್ಟೇ ಗಣಕದ ಕೆಲಸವಾಗಿರುವ ಮನೆಗೆ ಮಿಂಟ್ ಅಥವಾ ಉಬುಂಟು ಧಾರಾಳವಾಗಿ ಸಾಕೆಂದು ನನ್ನ ಅಭಿಪ್ರಾಯ. ಫೈರ್‌ಫಾಕ್ಸ್, ಕ್ರೋಮ್‌ಗಳು ಅಲ್ಲಿಯೂ ಇವೆ. ಕಡತಗಳಿಗೆ ಲಿಬ್ರೆಆಫೀಸ್ ಇದೆ. ಮಿಂಟ್ ತಾನು ಬಯಸುವ ಕನಿಷ್ಠ ಸ್ಮೃತಿ 2 ಜಿಬಿ, ಹಿತಕ್ಕೆ 4 ಜಿಬಿ ಎನ್ನುತ್ತದೆ. ಪರಿಷ್ಕರಣಗಳು ಬಹುತೇಕ ಎಲ್ಲ ಕಾರ್ಯಕ್ರಮಗಳಿಗೂ ಒಂದೇ ಕಡೆಯಿಂದ ಬರುವುವು. ಮಿಂಟ್‌ನಲ್ಲಾದರೆ ಸಾಮಾನ್ಯವಾಗಿ ನಾವು ಹ್ಞೂಂ ಎಂದ ಮೇಲೆಯೇ ಅವುಗಳ ಸ್ಥಾಪನೆ. ಇತ್ತ ವಿಂಡೋಸ್ 11ರ ಗೃಹ ಆವೃತ್ತಿಯು ಮೊದಲ ದಿನವೇ ಅಂತರಜಾಲ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಯಂತ್ರದ ಯೋಗಕ್ಷೇಮದ ಒಂದಷ್ಟು ವರದಿಯನ್ನು ಒಡೆಯರಿಗೆ ಕಳುಹಿಸುವುದನ್ನು ಪೂರ್ತಿಯಾಗಿ ನಿಲ್ಲಿಸಲು ಅದರಲ್ಲಿ ಅವಕಾಶವಿಲ್ಲ.

ಹಾಗೆಂದು ಎಲ್ಲರೂ ನಾಳೆಯೇ ವಲಸೆ ಹೋಗಬೇಕೆಂದು ನಾನು ಹೇಳಲಾರೆ. ಮನುಷ್ಯನನ್ನು ಕಟ್ಟಿಹಾಕುವುದು ವಿಂಡೋಸ್ ಅಷ್ಟಾಗಿ ಅಲ್ಲ, ಅದರ ಮೇಲೆ ಕುಳಿತ ಕಸುಬು. ನಮ್ಮ ಬೆಂಗಳೂರಿನಲ್ಲಿಯೇ ಬೆಳೆದು ದೇಶದ ಅಂಗಡಿ ಅಂಗಡಿಯನ್ನೂ ಹೊಕ್ಕಿರುವ ಟ್ಯಾಲಿ, ವಿಂಡೋಸಿಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ. ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಅಡ್ಡದಾರಿಗಳಿವೆಯಾದರೂ, ಮಾರ್ಚ್ ಕೊನೆಯ ವಾರದಲ್ಲಿ ಲೆಕ್ಕ ಮುಗಿಸಬೇಕಾದ ವರ್ತಕನಿಗೆ ಅವನ್ನು ಸೂಚಿಸುವ ಧೈರ್ಯ ನನಗಿಲ್ಲ. ಪ್ರಿಂಟರಿನದೂ ಇದೇ ಕಥೆ: ಅನೇಕ ಪ್ರಿಂಟರುಗಳು ತಂತಿ ಚುಚ್ಚಿದೊಡನೆ ಮಾತು ಕೇಳುವುವು, ಕೆಲವು ಹಳೆಯ ಅಗ್ಗದ ಮಾದರಿಗಳೋ, ತಯಾರಕರು ತಮ್ಮ ಗುಟ್ಟನ್ನು ಬಿಟ್ಟುಕೊಡದ ಕಾರಣ, ಎಷ್ಟು ಓಲೈಸಿದರೂ ಒಂದು ಹಾಳೆಯನ್ನೂ ಉಗುಳುವುದಿಲ್ಲ. ಪ್ರಿಂಟರಿನ ಮೇಲಿನ ಮುನಿಸಿನಿಂದ ಹುಟ್ಟಿದ ಚಳವಳಿಯು ನಲವತ್ತು ವರ್ಷಗಳ ಅನಂತರವೂ ಪ್ರಿಂಟರಿನ ಮುಂದೆಯೇ ತಲೆ ಕೆರೆದುಕೊಳ್ಳುತ್ತಿರುವುದು ವಿಧಿಯ ವಿನೋದವೇ ಸರಿ.

ಕನ್ನಡಿಗರಿಗೆ ವಿಶೇಷವಾದ ತೊಡಕು ಇನ್ನೊಂದುಂಟು. ಡಿಟಿಪಿ ಅಂಗಡಿಗಳಲ್ಲಿಯೂ ಕಚೇರಿಗಳಲ್ಲಿಯೂ ವರ್ಷಗಟ್ಟಲೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಸಿದ್ಧವಾದ ಹಳೆಯ ಕಡತಗಳು ಯೂನಿಕೋಡ್ ಅಲ್ಲದ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ಅವಲಂಬಿಸಿವೆ. ಆ ಫಾಂಟಿಲ್ಲದ ಗಣಕದಲ್ಲಿ ನುಡಿಯ ಅಂಥ ಕಡತವೊಂದನ್ನು ತೆರೆದರೆ, 'ಕನ್ನಡ' ಎಂದಿರಬೇಕಾದೆಡೆ ಒಂದು 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ'ಗಳು, ನಡುವೆ ಬ್ರಿಟನ್ನಿನ ಪೌಂಡಿನ ಚಿಹ್ನೆ ಕಾಣಿಸಿಕೊಳ್ಳುವುವು. ಇದು ಲಿನಕ್ಸಿನ ದೋಷವಲ್ಲ, ವಿಂಡೋಸಿನಲ್ಲಿಯೂ ಹೀಗೆಯೇ ಆಗುವುದು. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ. ಹೊಸದಾಗಿ ಬರೆಯುವವರಿಗಂತೂ ಕೊರತೆಯಿಲ್ಲ: ಕೆ. ಪಿ. ರಾವ್ ಅವರ ಹೆಸರಿನೊಡನೆ ಬೆಸೆದ ಕಗಪ ಕೀಲಿವಿನ್ಯಾಸವು ಉಬುಂಟುವಿನ ಪಟ್ಟಿಯಲ್ಲಿಯೇ ಸಿಗುತ್ತದೆ.

ಇಂಥ ತೊಡಕುಗಳ ಜತೆಗೆ ಅಭ್ಯಾಸದ ಬಲವೂ ಉಂಟು; ಅದು ಎಷ್ಟೆಂಬುದಕ್ಕೆ ಜರ್ಮನಿಯ ಮ್ಯೂನಿಕ್ ನಗರಾಡಳಿತವನ್ನು ನೋಡಬಹುದು. 2003ರಲ್ಲಿ ಲಿನಕ್ಸ್ ಕಡೆಗೆ ಹೊರಟು, ದಶಕದ ಶ್ರಮದಿಂದ ಸುಮಾರು 15,000 ಗಣಕಗಳನ್ನು ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ಅದು ನಿರ್ಣಯಿಸಿತು. ರಾಜಕೀಯವೂ ಅದರಲ್ಲಿ ಸೇರಿತ್ತೆಂದು ಹೇಳುವವರುಂಟು. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿಯಾದರೋ, ಗಣಕಪಾಠವೇ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತ ಬಂದಿದೆ. ಮೊದಲು ಕಂಡುದೇ ಅದಾದುದರಿಂದ ಅಲ್ಲಿನ ಮಕ್ಕಳಿಗೆ ಅದು ವಿಚಿತ್ರವೆನಿಸುವುದಿಲ್ಲ.

ಸಂಶಯವಿರುವವರು ಹಳೆಯದನ್ನು ಅಳಿಸದೆಯೇ ಹೊಸದನ್ನು ಪರೀಕ್ಷಿಸಬಹುದು. 8 ಜಿಬಿಯ ಪೆನ್‌ಡ್ರೈವೊಂದಕ್ಕೆ ಮಿಂಟ್ ತುಂಬಿ, ಅದರಿಂದಲೇ ಗಣಕವನ್ನು ಎಬ್ಬಿಸಿದರೆ ಇಡೀ ವ್ಯವಸ್ಥೆ ಪರದೆಯ ಮೇಲೆ ಮೂಡುತ್ತದೆ. ವೈಫೈ ಹಿಡಿಯಿತೆ, ಧ್ವನಿ ಬಂದಿತೆ, ಪ್ರಿಂಟರ್ ಒಪ್ಪಿತೆ, ಕನ್ನಡದಲ್ಲಿ ಬರೆಯಲಾಯಿತೆ ಎಂದು ಸಾವಧಾನವಾಗಿ ನೋಡಿ, ಮನಸ್ಸಿಗೆ ಬಾರದಿದ್ದರೆ ಗಣಕವನ್ನು ಆರಿಸಿ, ಪೆನ್‌ಡ್ರೈವ್ ಕಿತ್ತರಾಯಿತು, ವಿಂಡೋಸ್ ಇದ್ದಂತೆಯೇ ಇರುತ್ತದೆ. ಒಪ್ಪಿಗೆಯಾಗಿ, ಸ್ಥಾಪಿಸುವ ಗುಂಡಿಯನ್ನು ಒತ್ತುವುದೇ ಆದಲ್ಲಿ, ಅದಕ್ಕೆ ಮೊದಲು ಮದುವೆ ಮುಂಜಿಗಳ ಫೋಟೊಗಳನ್ನೂ ಮನೆಪತ್ರಗಳ ಪ್ರತಿಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡಿರತಕ್ಕದ್ದು.