ಕರಾವಳಿಗೆ ಹೊರಟವರ ಕೈಯಲ್ಲೊಂದು ಟಿ.ಸಿ.



ನಮ್ಮ ಕನ್ನಡ ವೇಳೆಗೆ ಫೋನ್ ಮಾಡುವವರು ಸಾಮಾನ್ಯವಾಗಿ ಹಾಡು ಕೇಳುತ್ತಾರೆ. ಕಳೆದ ತಿಂಗಳು ಪಟಾನ್‌ಚೆರುವಿನಿಂದ ಬಂದ ಒಂದು ಕರೆ ಮಾತ್ರ ಹಾಡಿನದ್ದಾಗಿರಲಿಲ್ಲ. "ಅಕ್ಕಾರ, ನಿಮ್ಮ ಕಡೀಗೇ ಹೊಂಟೀವ್ರಿ. ಮಂಗಳೂರಾಗ ಚಲೋ ಸಾಲಿ ಯಾವ್ದದ ಹೇಳ್ರಿ" ಅಂದರು ಆ ತಾಯಿ. ಮೈಕಿನ ಮುಂದೆ ಒಂದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರವೇ ಇದು? ಹಾಡೊಂದನ್ನು ಹಾಕಿ, ಅವರ ನಂಬರು ಬರೆದುಕೊಂಡು, ಪ್ರಸಾರ ಮುಗಿದ ಮೇಲೆ ನಾನೇ ಫೋನ್ ಮಾಡಿದೆ. ಆ ಮಾತು ಮುಕ್ಕಾಲು ಗಂಟೆ ನಡೆಯಿತು. ಅದರಲ್ಲಿ ಬಂದ ಸಂಗತಿಗಳು ಇನ್ನೂ ಹತ್ತು ಮನೆಗಳಿಗೆ ಬೇಕಾದೀತು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇವರದು ಹುಮನಾಬಾದ್ ಕಡೆಯ ಕುಟುಂಬ. ಪಟಾನ್‌ಚೆರುವಿನಲ್ಲಿ ಇಂಥ ಮನೆಗಳಿಗೆ ಲೆಕ್ಕವಿಲ್ಲ. ಹೈದರಾಬಾದ್–ಪುಣೆ ಹೆದ್ದಾರಿ ಹಿಡಿದರೆ ಸಂಗಾರೆಡ್ಡಿ, ಜಹೀರಾಬಾದ್, ಆಮೇಲೆ ಹುಮನಾಬಾದೇ. ಹಬ್ಬಕ್ಕೆ ಊರಿಗೆ ಹೋಗಿಬರುವುದು ಅವರಿಗೆ ಕಷ್ಟವಲ್ಲ. ಯಜಮಾನರು ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಈಗ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ಮಗಳು 7ನೇ ತರಗತಿ, ಮಗ 3ನೇ ತರಗತಿ. ಇಬ್ಬರೂ ಇಲ್ಲಿನ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ತೆಲುಗು, ಹಿಂದಿ ಓದುತ್ತಿದ್ದಾರೆ. ಮನೆಯಲ್ಲಿ ಬೀದರಿನ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರೆಯಲು ಬರುವುದಿಲ್ಲ. ಅಪ್ಪನ ಯೋಚನೆ ಏನೆಂದರೆ, ತಾನೊಬ್ಬನೇ ಹೋಗುವುದು, ಮಗಳ ಹತ್ತನೇ ತರಗತಿ ಮುಗಿಯುವ ತನಕ ಉಳಿದವರು ಇಲ್ಲೇ ಇರುವುದು. ಅಂದರೆ ಮೂರು ವರ್ಷ, ಎರಡು ಬಾಡಿಗೆ, ಎರಡು ಒಲೆ. ತಾಯಿಗೆ ಅದು ಬೇಡ. ಆದರೆ ಮಗಳ ಓದು ಕೆಟ್ಟರೆ ಎಂಬ ಭಯ.

ಮೊದಲು ಅವರು ಹೇಳಿದ್ದು ಎಲ್ಲರೂ ಹೇಳುವ ಮಾತನ್ನೇ: "ಪೇಪರ್‌ನಾಗ ಪ್ರತಿ ವರ್ಷ ಅವ್ರೇ ಫಸ್ಟ್ ಬರ್ತಾರಲ್ರಿ. ಯಾವ ಸಾಲಿಗೆ ಹಾಕಿದ್ರೂ ನಡೀತದ ಅಲ್ರಿ?"

ಇಲ್ಲೇ ಸ್ವಲ್ಪ ನಿಲ್ಲಬೇಕು. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ತೆಗೆದು ಮೊದಲ ಸ್ಥಾನ, ಉಡುಪಿ ಶೇ. 89.96 ತೆಗೆದು ಎರಡನೆಯದು, ಉತ್ತರ ಕನ್ನಡ ಮೂರನೆಯದು. ನಮ್ಮ ಕಲಬುರಗಿ ಶೇ. 42.43ರೊಂದಿಗೆ ಕೊನೆಯಲ್ಲಿತ್ತು. 2024ರಲ್ಲೂ ಉಡುಪಿ, ದಕ್ಷಿಣ ಕನ್ನಡಗಳೇ ಮೊದಲೆರಡು. ಆದರೆ 2023ರ ಪಟ್ಟಿ ನೋಡಿ. ಚಿತ್ರದುರ್ಗ, ಮಂಡ್ಯ, ಹಾಸನ ಮೇಲಿದ್ದವು. ಕರಾವಳಿಯ ಈ ಎರಡು ಜಿಲ್ಲೆಗಳು ಮೊದಲ ಹತ್ತರಲ್ಲೂ ಇರಲಿಲ್ಲ. ಒಂದೇ ವರ್ಷದಲ್ಲಿ ಶಾಲೆಗಳು ಕೆಟ್ಟು ಮತ್ತೆ ಸುಧಾರಿಸಿದವೇ? ಹಾಗೇನಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಕೂತಲ್ಲಿಂದಲೇ ಅಧಿಕಾರಿಗಳು ನೋಡುವ ವ್ಯವಸ್ಥೆಯಾಯಿತು. ಬೇರೆ ಅನೇಕ ಜಿಲ್ಲೆಗಳ ಅಂಕಿ ಧೊಪ್ಪನೆ ಬಿತ್ತು, ಕರಾವಳಿಯದು ನಿಂತಿತು. ಹಾಗಾಗಿ ಈ ಪಟ್ಟಿಯಿಂದ ತಿಳಿಯುವ ಒಳ್ಳೆಯ ಸಂಗತಿ ಒಂದಿದೆ: ಅಲ್ಲಿನ ಮಕ್ಕಳು ಬಹುಮಟ್ಟಿಗೆ ಸ್ವಂತ ಓದಿನಿಂದ ಪಾಸಾಗುತ್ತಾರೆ.

ಆದರೆ ಅದು ಜಿಲ್ಲೆಯ ಗುಣ, ನೀವು ಸೇರಿಸುವ ಶಾಲೆಯ ಗುಣವಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಬೆನ್ನಿಗೇ ಶಾಲೆ ತೆರೆದರು. 1880ರಲ್ಲಿ ಸಂತ ಅಲೋಶಿಯಸ್, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು. ಅಜ್ಜಿ, ತಾಯಿ ಓದಿದ ಮನೆಯಲ್ಲಿ ಮೊಮ್ಮಗಳು ಓದುವುದು ದೊಡ್ಡ ಸಂಗತಿಯಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಬೀದರ್ ಜಿಲ್ಲೆಯದು ಶೇ. 70.51. ಈ ಅಂತರ ಶಾಲೆಯ ಗೇಟಿನೊಳಗೆ ಹುಟ್ಟಿದ್ದಲ್ಲ. ನಿಮ್ಮ ಮಗಳು ಅಲ್ಲಿಗೆ ಹೋದ ಮಾತ್ರಕ್ಕೆ ಆ ಶೇಕಡಾವಾರು ಅವಳ ಬೆನ್ನಿಗೆ ಅಂಟಿಕೊಳ್ಳುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಏನು? ನನ್ನ ಲೆಕ್ಕದಲ್ಲಿ, ಹೊರಗಿನಿಂದ ಬರುವ ಮಗುವಿಗೆ ಎಲ್ಲಕ್ಕಿಂತ ಮೊದಲು ಭಾಷೆ.

ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಬೇಕು. ತೆಲಂಗಾಣದಲ್ಲೂ 2018ರಲ್ಲಿ ತೆಲುಗಿಗೆ ಇಂಥದ್ದೇ ಕಾಯ್ದೆ ಬಂತು, ಅದರಿಂದಲೇ ನಮ್ಮ ಮಕ್ಕಳು ತೆಲುಗು ಕಲಿತರು. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ತಲಾ 100. ಪಠ್ಯಪುಸ್ತಕವೂ ಬೇರೆ ಬೇರೆ. ಪ್ರಥಮ ಭಾಷೆಯವರಿಗೆ 'ಸಿರಿ ಕನ್ನಡ', ದ್ವಿತೀಯ ಭಾಷೆಯವರಿಗೆ 'ತಿಳಿ ಕನ್ನಡ'. ಇವೆರಡರ ನಡುವೆ ಬಹಳ ದೂರವಿದೆ. 'ಸಿರಿ ಕನ್ನಡ'ದಲ್ಲಿ ಹಳಗನ್ನಡ, ನಡುಗನ್ನಡದ ಪದ್ಯಗಳಿರುತ್ತವೆ, ಛಂದಸ್ಸು ಬರುತ್ತದೆ. ಕನ್ನಡ ಬಿ.ಎ. ಮಾಡಿದ ನಾನೇ ಲಘು–ಗುರು ಹಾಕುವಾಗ ಬೆರಳು ಮಡಿಸುತ್ತೇನೆ. ಅಕ್ಷರವೇ ಬಾರದ ಹುಡುಗಿಯನ್ನು ಅಲ್ಲಿ ಕೂರಿಸಿದರೆ ಅವಳಿಗೆ ಕನ್ನಡದ ಮೇಲೆ ಸಿಟ್ಟು ಬಂದೀತು. ಆದ್ದರಿಂದ ಶಾಲೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ನಿಮ್ಮಲ್ಲಿ ಕನ್ನಡ ಎಷ್ಟನೆಯ ಭಾಷೆ? ಹೊರರಾಜ್ಯದಿಂದ ಬಂದ ಮಗುವಿಗೆ ಅಕ್ಷರದಿಂದ ಹೇಳಿಕೊಡುವವರು ಯಾರು, ಯಾವಾಗ?" ಎರಡನೇ ಪ್ರಶ್ನೆಗೆ ಒಬ್ಬ ಶಿಕ್ಷಕರ ಹೆಸರು, ಒಂದು ಸಮಯ ಉತ್ತರವಾಗಿ ಬಂದರೆ ಅದು ಉತ್ತರ. "ಅದೆಲ್ಲ ಅಡ್ಜಸ್ಟ್ ಆಗ್ತದೆ ಮಾರಾಯ್ರೇ" ಎಂದರೆ ಮುಂದಿನ ಶಾಲೆಗೆ ನಡೆಯಿರಿ.

ಧೈರ್ಯ ಕೊಡುವ ಸಂಗತಿಗಳೂ ಇವೆ. ತೆಲುಗು ಅಕ್ಷರ ಬಲ್ಲವರಿಗೆ ಕನ್ನಡ ಅಕ್ಷರ ಅರ್ಧ ಗೊತ್ತಿದ್ದಂತೆಯೇ. ಎರಡೂ ಒಂದೇ ಬೇರಿನ ಲಿಪಿಗಳು. ತಲೆಕಟ್ಟು, ಒತ್ತಕ್ಷರಗಳಲ್ಲಿ ಸ್ವಲ್ಪ ವ್ಯತ್ಯಾಸ. ರಜೆಯಲ್ಲಿ ದಿನಕ್ಕೊಂದು ಗಂಟೆ ಕೂತರೆ ಶಾಲೆ ತೆರೆಯುವ ಹೊತ್ತಿಗೆ ಕೂಡಿಸಿ ಓದಬಹುದು. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಪಟಾನ್‌ಚೆರುವಿನ ಜೆರಾಕ್ಸ್ ಅಂಗಡಿಯಲ್ಲೇ ತೆಗೆಸಿಕೊಳ್ಳಬಹುದು.

ಇನ್ನು ಮಾತಿನ ಧಾಟಿ. "ನಮ್ಮ ಹುಡುಗಿ 'ಸಾಲಿ' ಅಂದ್ರೆ ನಗ್ತಾರೇನ್ರಿ?" ಎಂದು ಕೇಳಿದರು. ನಗುತ್ತಾರೆ, ಒಂದು ವಾರ. ಆದರೆ ಒಂದು ಗುಟ್ಟು ಹೇಳುತ್ತೇನೆ. ಆ ತರಗತಿಯಲ್ಲಿ ಕೂತ ಬಹಳಷ್ಟು ಮಕ್ಕಳಿಗೆ ಕನ್ನಡ ಮನೆಮಾತೇ ಅಲ್ಲ. ಒಬ್ಬಳದು ತುಳು, ಪಕ್ಕದವಳದು ಕೊಂಕಣಿ, ಹಿಂದಿನ ಬೆಂಚಿನವನದು ಬ್ಯಾರಿ. ಕುಂದಾಪುರ ಕಡೆಯ ನಾನು ಕಾಲೇಜಿಗೆ ಮಂಗಳೂರಿಗೆ ಹೋದಾಗ ನನ್ನ 'ಹೋಯ್ಕ್, ಬರ್ಕ್' ಕೇಳಿ ನಕ್ಕವರ ಮನೆಯಲ್ಲಿ ಕನ್ನಡವೇ ಇರಲಿಲ್ಲ! ಅಲ್ಲಿ ಕನ್ನಡವೆಂದರೆ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ. ಕೆಲವು ಶಾಲೆಗಳಲ್ಲಿ ತುಳು, ಕೊಂಕಣಿಗಳನ್ನು ಮೂರನೇ ಭಾಷೆಯಾಗಿ ಆರಿಸಿಕೊಳ್ಳಲೂ ಅವಕಾಶವಿದೆ. ನಿಮ್ಮ ಮಗಳಿಗೆ ಹಿಂದಿ ಬರುವುದರಿಂದ ಅದನ್ನೇ ಮೂರನೆಯದಾಗಿ ಮುಂದುವರಿಸುವುದು ಲೇಸು. ಒಟ್ಟಿಗೆ ಎರಡು ಹೊಸ ಭಾಷೆ ಬೇಡ.

ಎರಡನೆಯದು, ಹೋಗುವ ಹೊತ್ತು. ಅಪ್ಪನ ಯೋಚನೆಯನ್ನು ನಾನು ಒಪ್ಪಲಿಲ್ಲ. ತೆಲಂಗಾಣದಲ್ಲಿ ಹೈಸ್ಕೂಲು 6ರಿಂದ 10. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆ 7ಕ್ಕೆ ಮುಗಿದು, ಹೈಸ್ಕೂಲು 8ರಿಂದ ಶುರು. ಅಂದರೆ ಬರುವ 8ನೇ ತರಗತಿಯಲ್ಲಿ ಬೇರೆ ಬೇರೆ ಶಾಲೆಗಳಿಂದ ಬಂದ ಮಕ್ಕಳೇ ಇರುತ್ತಾರೆ. ನಿಮ್ಮವಳೊಬ್ಬಳೇ ಹೊಸಬಳಲ್ಲ. 9ಕ್ಕೆ ಹೋದರೆ ಗುಂಪುಗಳು ಕಟ್ಟಿ ಆಗಿರುತ್ತವೆ, ಕನ್ನಡಕ್ಕೆ ಒಂದು ವರ್ಷ ಕಡಿಮೆ. 10ಕ್ಕಂತೂ ಯಾರನ್ನೂ ಕದಲಿಸಬಾರದು. ಹೋಗುವುದಾದರೆ ಈಗಲೇ ಹೋಗಿ ಎಂದೆ. ಒಂದು ಎಚ್ಚರ: ಇಲ್ಲಿ ಶಾಲೆ ತೆರೆಯುವುದು ಜೂನ್ 12ಕ್ಕೆ, ಅಲ್ಲಿ ಮೇ ಕೊನೆಗೇ ಗಂಟೆ ಬಾರಿಸುತ್ತಾರೆ. ಇಲ್ಲಿನ ಲೆಕ್ಕದಲ್ಲಿ ಹೋದರೆ ಎರಡು ವಾರದ ಪಾಠ ಹೋಗಿರುತ್ತದೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ, ಆದರೆ ಐದು ವರ್ಷದ ಮೇಲೆ ಎಲ್ಲರೂ ಅಳುವ ಒಂದು ವಿಷಯಕ್ಕೆ ಬಂದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಬೇಕಾದರೆ ಸಾಮಾನ್ಯ ನಿಯಮ, 1ನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ. ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. 8ರಿಂದ ಸೇರಿದವಳಿಗೆ ಐದೇ ವರ್ಷ ಆಗುತ್ತದೆ. ಇತ್ತ ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಸ್ಥಳೀಯರೆನ್ನಿಸಿಕೊಳ್ಳಲು 9ರಿಂದ 12ರವರೆಗೆ ನಾಲ್ಕು ವರ್ಷ ಇಲ್ಲೇ ಓದಿರಬೇಕೆಂಬ ನಿಯಮವನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಅಂದರೆ ಹುಡುಗಿ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ!

ಆ ತಾಯಿ ಫೋನಿನಲ್ಲಿ ಸುಮ್ಮನಾಗಿಬಿಟ್ಟರು. ದಾರಿ ಇದೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಪ್ರಥಮ, ದ್ವಿತೀಯ ಪಿ.ಯು.ಸಿ. ಎರಡನ್ನೂ ಕರ್ನಾಟಕದಲ್ಲಿ ಓದಿದ್ದರೆ ಅದಕ್ಕೆ ಬೇರೆಯೇ ಕಲಮಿದೆ. ಹೊರನಾಡ ಕನ್ನಡಿಗರಿಗೆ, ಗಡಿನಾಡಿನವರಿಗೆ ಕೂಡ ಬೇರೆ ಕಲಮುಗಳಿವೆ. ಈ ತಾಯಿ ಹುಮನಾಬಾದಿನಲ್ಲೇ ಹತ್ತನೇ ತರಗತಿಯವರೆಗೆ ಓದಿದವರು. ಹಾಗಾದರೆ ಆ ಶಾಲೆಯಿಂದ ಅವರ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಇಟ್ಟುಕೊಳ್ಳಬೇಕು. ಮಗಳಿಗೆ ಶಾಲೆ ಹುಡುಕುವಾಗ ಅಮ್ಮನ ಶಾಲೆಯ ಕಾಗದ ಏಕೆ ಎಂದು ನಗಬೇಡಿ. ಹಳೆಯ ಶಾಲೆಯ ದಾಖಲೆ ಪುಸ್ತಕಕ್ಕೆ ಗೆದ್ದಲು ಹತ್ತುವ ಮೊದಲು ಆ ಕೆಲಸ ಆಗಬೇಕು. ನಿಯಮಗಳ ಪೂರ್ತಿ ಪಾಠ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿರುತ್ತದೆ, ಆಯಾ ವರ್ಷದ್ದನ್ನೇ ನೋಡಿ.

ಟಿ.ಸಿ.ಯ ವಿಚಾರವೂ ಹಾಗೆಯೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗು ಬೇರೆ ರಾಜ್ಯಕ್ಕೆ ಹೋಗುವಾಗ ಮುಖ್ಯೋಪಾಧ್ಯಾಯರು ತಡಮಾಡದೆ ಟಿ.ಸಿ. ಕೊಡಬೇಕು, ತಡವಾಯಿತೆಂದು ಆ ಕಡೆಯವರು ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಇದು 8ನೇ ತರಗತಿಯವರೆಗಿನ ಮಾತು. ಟಿ.ಸಿ.ಗೆ ಇಲ್ಲಿನ ಮಂಡಲ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿಕೊಂಡು ಹೋದರೆ ಮತ್ತೆ ಪಟಾನ್‌ಚೆರುವಿಗೆ ಓಡಿಬರುವುದು ತಪ್ಪುತ್ತದೆ.

ಈಗ ಶಾಲೆಯನ್ನೇ ನೋಡುವ ಮಾತು. ಕಟ್ಟಡ, ಬಸ್ಸು, ಬಣ್ಣದ ಬ್ರೋಷರು ಇವೆಲ್ಲ ಕಣ್ಣಿಗೆ ತಾನಾಗಿಯೇ ಬೀಳುತ್ತವೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ, ಅದನ್ನು ಹಾಕಿ ನೋಡಿದರೆ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಶೌಚಾಲಯ, ಗ್ರಂಥಾಲಯ ಎಲ್ಲ ಮನೆಯಲ್ಲೇ ತಿಳಿಯುತ್ತದೆ. ಅದರಲ್ಲಿ ಸಿಗದ ಒಂದು ಪ್ರಶ್ನೆಯನ್ನು ಮಾತ್ರ ಕೂತು ಕೇಳಬೇಕು: "ಎರಡು ವರ್ಷದ ಹಿಂದೆ ನಿಮ್ಮ 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು? ಈ ಸಲ 10ನೇ ಪರೀಕ್ಷೆಗೆ ಕೂತವರೆಷ್ಟು?" ಅರುವತ್ತು ಮಂದಿ ಇದ್ದು ನಲವತ್ತೈದು ಮಂದಿ ಪರೀಕ್ಷೆ ಬರೆದು ಎಲ್ಲರೂ ಪಾಸಾದರೆ, ಬೋರ್ಡಿನ ಮೇಲೆ ಶೇ. 100 ಎಂದೇ ಬರೆಯುತ್ತಾರೆ. ಉಳಿದ ಹದಿನೈದು ಮಂದಿ ಎಲ್ಲಿ ಹೋದರು? ನಿಮ್ಮ ಮಗು ಕನ್ನಡದಲ್ಲಿ ಹಿಂದೆ ಬಿದ್ದರೆ ಆ ಹದಿನೈದರಲ್ಲಿ ಒಬ್ಬಳಾಗುತ್ತಾಳೆಯೇ?

ಕೊನೆಗೆ ಮಳೆ. ಹೈದರಾಬಾದಿನಲ್ಲಿ ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆಯಾದರೆ ಮಂಗಳೂರಿನಲ್ಲಿ ಮೂರೂವರೆ ಸಾವಿರ ಮಿಲಿಮೀಟರು ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಏಪ್ರಿಲಿನ ಬಿಸಿಲಿನಲ್ಲಿ ಹೋಗಿ ಮನೆ, ಶಾಲೆ ನೋಡಿ ಬಂದವರಿಗೆ ಜುಲೈ ತಿಂಗಳ ಹಳ್ಳ ಕಾಣುವುದಿಲ್ಲ. ನಾನು ಚಿಕ್ಕವಳಿದ್ದಾಗ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಹೋದವಳು, ಆಗ ಅದು ಆಟದಂತಿತ್ತು. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಬಿದ್ದು ನೀರುಪಾಲಾದಳು. ಆ ಸುದ್ದಿ ಓದಿದ ದಿನದಿಂದ ನನಗೆ ಅದು ಆಟವಾಗಿ ಉಳಿದಿಲ್ಲ. ಬೈಕಂಪಾಡಿ, ಸುರತ್ಕಲ್ ಕಡೆ ಕಾಲುಸಂಕದ ಭಯವಿಲ್ಲ. ಆದರೆ ಅಲ್ಲಿ ಲಾರಿಗಳ ಹೆದ್ದಾರಿ ಇದೆ, ಮಕ್ಕಳು ಅದನ್ನು ದಾಟಬೇಕೇ ಎಂದು ನೋಡಿಕೊಳ್ಳಬೇಕು. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಡುವುದು ಕೆಲವೊಮ್ಮೆ ಬೆಳಗ್ಗೆಯೇ. ಆ ಹೊತ್ತಿಗೆ ವ್ಯಾನು ಹೊರಟಿದ್ದರೆ ಶಾಲೆಯವರು ಏನು ಮಾಡುತ್ತಾರೆ, ಯಾರಿಗೆ ಫೋನ್ ಮಾಡುತ್ತಾರೆ ಎಂದು ಕೇಳಿ. 3ನೇ ತರಗತಿಯ ಹುಡುಗನಿಗೆ ಭಾಷೆ ಆರು ತಿಂಗಳಲ್ಲಿ ಬಂದುಬಿಡುತ್ತದೆ. ಅವನ ಮಟ್ಟಿಗೆ ಮನೆಗೆ ಹತ್ತಿರದ ಶಾಲೆಯೇ ಒಳ್ಳೆಯ ಶಾಲೆ.

ಮೊನ್ನೆ ಅವರೇ ಫೋನ್ ಮಾಡಿದ್ದರು. ಯಜಮಾನರು ಹೋಗಿ ಎರಡು ಹೈಸ್ಕೂಲು ನೋಡಿ ಬಂದರಂತೆ. ದೊಡ್ಡ ಕಟ್ಟಡದ ಶಾಲೆಯಲ್ಲಿ 8ನೇ ತರಗತಿಯ ಸಂಖ್ಯೆ ಕೇಳಿದ್ದಕ್ಕೆ ಆಫೀಸಿನವರು ಫೀಸಿನ ಚೀಟಿ ಕೊಟ್ಟು ಕಳಿಸಿದರು. ಇನ್ನೊಂದು ಹಳೆಯ ಹಂಚಿನ ಮಾಡಿನ ಅನುದಾನಿತ ಶಾಲೆ. ಅಲ್ಲಿ ಕನ್ನಡ ಟೀಚರೇ ಹೊರಗೆ ಬಂದು, ಹುಡುಗಿಗೆ ತೆಲುಗು ಓದಲು ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಎಂದಾಗ "ಹಾಗಾದ್ರೆ ಎಂತ ಹೆದರಿಕೆ, ಸಂಜೆ ಅರ್ಧ ಗಂಟೆ ನಾನೇ ಕೂರಿಸಿಕೊಳ್ತೇನೆ" ಎಂದರಂತೆ. ಅಪ್ಪ ಅಲ್ಲೇ ಅರ್ಜಿ ತುಂಬಿ ಬಂದಿದ್ದಾರೆ. ತಾಯಿ ಈಗ ಹುಮನಾಬಾದಿಗೆ ಹೊರಟಿದ್ದಾರೆ, ತಮ್ಮ ಶಾಲೆಯ ಕಾಗದಕ್ಕಾಗಿ. ಮಗಳು 'ತಿಳಿ ಕನ್ನಡ'ದ ಮೂರನೇ ಪಾಠದಲ್ಲಿದ್ದಾಳೆ, ಒತ್ತಕ್ಷರಗಳಲ್ಲಿ ಮಾತ್ರ ಇನ್ನೂ ಎಡವುತ್ತಾಳಂತೆ.