ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮತ್ತು ಕುಟುಂಬದ ಆರೋಗ್ಯ



ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಬಿಸಿ ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಹೊಲಕ್ಕೆ ಒಯ್ಯುವುದುಂಟು. ಬರಿದಾದ ಚೀಲವು ಬದುವಿನಲ್ಲಿ ಬೀಳುತ್ತದೆ. ಇಲ್ಲವೇ ಒಲೆ ಹೊತ್ತಿಸಲು ಬಳಕೆಯಾಗುತ್ತದೆ. ಇದರಿಂದಾಗುವ ಕೇಡನ್ನು ನೀವು ಅರಿಯಬೇಕು.

ಪ್ಲಾಸ್ಟಿಕ್ ಎಲೆಯಂತೆ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೆ ಸವೆದು ನುಚ್ಚಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳೇ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು. ನೀರು, ಆಹಾರ, ಉಸಿರಿನ ಮೂಲಕ ಅವು ಶರೀರವನ್ನು ಸೇರುತ್ತವೆ. ಬಿಸಿ ತಗುಲಿದಾಗ ಕಣಗಳು ಹೆಚ್ಚು ಬಿಡುತ್ತವೆ. ಒಳಲೇಪವುಳ್ಳ ಕಾಗದದ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಕಣಗಳು ಬೆರೆಯುವುದನ್ನು ಖರಗಪುರದ ಐ.ಐ.ಟಿ. ವಿಜ್ಞಾನಿಗಳು 2020ರಲ್ಲಿ ಕಂಡರು.

ಇಟಲಿಯ ವೈದ್ಯರು 6 ತಾಯಂದಿರ ಮಾಸನ್ನು ಪರೀಕ್ಷಿಸಿದಾಗ 4ರಲ್ಲಿ ಈ ಕಣಗಳಿದ್ದವು (2021). 34 ತಾಯಂದಿರ ಪೈಕಿ 26 ಮಂದಿಯ ಎದೆಹಾಲಿನಲ್ಲಿಯೂ ಕಂಡುಬಂದವು (2022). ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 257 ರೋಗಿಗಳಲ್ಲಿ, ನಾಳದ ಕೊಬ್ಬಿನಲ್ಲಿ ಕಣಗಳಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಹೆಚ್ಚಾಗಿತ್ತು (2024). ಕಣಗಳೇ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ, ಎಚ್ಚರ ವಹಿಸಲು ಇಷ್ಟು ಸಾಕು.

ಇದನ್ನು ಓದಿ ಯಾವ ತಾಯಿಯೂ ಎದೆಹಾಲು ಬಿಡಿಸಬಾರದು. ಕೂಸಿಗೆ ಅದಕ್ಕೆ ಸಮನಾದ ಆಹಾರವಿಲ್ಲ. ಪ್ಲಾಸ್ಟಿಕ್ ಸೀಸೆಯ ಬಿಸಿ ಹಾಲಿನಿಂದಲೇ ದಿನಕ್ಕೆ ಲಕ್ಷಗಟ್ಟಲೆ ಕಣಗಳು ಕೂಸಿನ ಹೊಟ್ಟೆ ಸೇರಬಹುದೆಂದು ಐರ್ಲೆಂಡಿನ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಆದುದರಿಂದ 6 ತಿಂಗಳು ಎದೆಹಾಲನ್ನು ಮಾತ್ರ ಕೊಡಿರಿ. ಅನಂತರ ಮೇಲುಹಾಲನ್ನು ಸ್ಟೀಲ್ ಬಟ್ಟಲು, ಚಮಚದಿಂದ ಕುಡಿಸಿರಿ.

ನೀವು ಅನುಸರಿಸಬೇಕಾದ ಕ್ರಮಗಳು:

1. ಚಹಾ, ಸಾರು, ಪಲ್ಯಗಳನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಕೈಚೀಲಗಳನ್ನು ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಷೇಧಿಸಿದೆ.

2. ಕುಡಿಯುವ ನೀರನ್ನು ಮಣ್ಣಿನ ಗಡಿಗೆಯಲ್ಲಿ ಅಥವಾ ಸ್ಟೀಲ್ ಕೊಡದಲ್ಲಿ ಮುಚ್ಚಿಡಿರಿ. ಗಡಸು ನೀರನ್ನು 5 ನಿಮಿಷ ಕುದಿಸಿ, ಆರಿಸಿ, ಸುಣ್ಣದ ಗಸಿಯನ್ನು ಬಿಟ್ಟು ದಟ್ಟ ಬಟ್ಟೆಯಲ್ಲಿ ಸೋಸಿದರೆ ಕಣಗಳು ಕಡಿಮೆಯಾಗುತ್ತವೆ. ಆದರೆ ಫ್ಲೋರೈಡ್, ಆರ್ಸೆನಿಕ್ ಇರುವ ನೀರು ಕುದಿಸುವುದರಿಂದ ಶುದ್ಧವಾಗದು, ಅದನ್ನು ಕುಡಿಯಲೇಬಾರದು.

3. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಬೇಡಿರಿ. ಅದರ ಹೊಗೆ ವಿಷಕರವಾದುದು.

ಚೀಲವನ್ನು ಮನೆಗೆ ತರುವವನು ಬಹುತೇಕ ಪತಿ. ಒಲೆಯ ಮುಂದೆ ಕುಳಿತು ಹೊಗೆ ಕುಡಿಯುವವಳು ಪತ್ನಿ, ಕೆಲವೊಮ್ಮೆ ಗರ್ಭಿಣಿ. ಆದುದರಿಂದ ಪೇಟೆಗೆ ಹೊರಡುವಾಗ ಬಟ್ಟೆಯ ಚೀಲ, ಸ್ಟೀಲ್ ಡಬ್ಬಿಗಳನ್ನು ಒಯ್ಯುವುದು ಪತಿಯ ಕರ್ತವ್ಯವೆಂದು ತಿಳಿಯಿರಿ.